ಕೈ ಕಾಣದ ಕೈಕೆಲಸ



ಗುರುವೊಬ್ಬರು ಶಿಷ್ಯನ ಕೆಲಸವನ್ನು ಒಪ್ಪದೆ ಹೋದ ಪ್ರಸಂಗದಿಂದ ನನ್ನ ಮಾತು ಶುರು ಮಾಡುತ್ತೇನೆ. 1990ರ ದಶಕದ ಮೊದಲ ವರ್ಷಗಳು. ಮ್ಯಾಂಚೆಸ್ಟರಿನಲ್ಲಿ ಗಡಿಯಾರದ ವಿದ್ಯೆ ಕಲಿತ ರೋಜರ್ ಸ್ಮಿತ್ ಎಂಬ ತರುಣ ತಾನೇ ಮಾಡಿದ ಜೇಬುಗಡಿಯಾರವನ್ನು ಐಲ್ ಆಫ್ ಮ್ಯಾನ್ ದ್ವೀಪಕ್ಕೆ ತೆಗೆದುಕೊಂಡು ಹೋದ. ಅಲ್ಲಿದ್ದವರು ಜಾರ್ಜ್ ಡೇನಿಯಲ್ಸ್. ಚಕ್ರ, ಮುಳ್ಳು, ಡಯಲ್, ಹೊರಕವಚ ಎಲ್ಲವನ್ನೂ ಒಂದೇ ಸೂರಿನಡಿ ತಾವೊಬ್ಬರೇ ಮಾಡಬಲ್ಲವರು. ಅವರು ಆ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು; ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಇದು: ಕೈಯಿಂದ ಮಾಡಿದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಹಾಗೆ ಗೊತ್ತಾಗಬಾರದು, ಮೊದಲಿನಿಂದ ಮಾಡಿಕೊಂಡು ಬಾ.

ಸ್ಮಿತ್ ಊರಿಗೆ ಹಿಂತಿರುಗಿ ಎರಡನೆಯದಕ್ಕೆ ಕೂತ. ಒಂದು ಭಾಗ ಮಾಡುವುದು, ತೃಪ್ತಿಯಾಗದಿದ್ದರೆ ಅದನ್ನು ಬದಿಗಿಟ್ಟು ಮತ್ತೆ ಮಾಡುವುದು. ಹೀಗೆ ಸುಮಾರು ಐದು ವರ್ಷ ಹೋಯಿತು. 1997ರಲ್ಲಿ ತೋರಿಸಿದಾಗ ಡೇನಿಯಲ್ಸ್ ಒಪ್ಪಿದರು. ಮುಂದೆ ತಮ್ಮ ಜೊತೆ ಕೆಲಸಕ್ಕೂ ಕರೆಸಿಕೊಂಡರು.

ಈ ಪ್ರಸಂಗ ನನ್ನನ್ನು ಬಹಳ ಕಾಲ ಕಾಡಿದೆ. ಕೈಯ ಗುರುತನ್ನು ಅಳಿಸಿಹಾಕುವುದೇ ಕುಶಲಕರ್ಮಿಯ ಗುರಿಯಾಗಿದ್ದರೆ, ಇವತ್ತು ಅದನ್ನು ಯಂತ್ರ ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಚಕ್ರದ ಹಲ್ಲುಗಳು ಒಂದರಂತೆ ಒಂದು ಇರಬೇಕೆ? ಯಂತ್ರ ಮಾಡುತ್ತದೆ. ರಂಧ್ರ ಕೆಲವೇ ಮೈಕ್ರಾನ್ ಕೂಡ ಆಚೀಚೆ ಆಗಬಾರದೆ? ಅದನ್ನೂ ಮಾಡುತ್ತದೆ. ಹಾಗಿದ್ದರೆ ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿಗಟ್ಟಲೆ ಬೆಲೆಯ ಗಡಿಯಾರಗಳ ಲೋಕದಲ್ಲಿ ಕೈಗೆ ಉಳಿದ ಕೆಲಸ ಯಾವುದು? ಬೆಲೆ ಕೊಡುವವರು ಯಾವುದಕ್ಕೆ ಬೆಲೆ ಕೊಡುತ್ತಿದ್ದಾರೆ? ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ಪ್ರಶ್ನೆ ಇದು.

ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕೋಣ. ಸ್ವಿಟ್ಜರ್ಲೆಂಡಿನ ಯೂರಾ ಬೆಟ್ಟಸಾಲಿನಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ ರೈತರು ಕಿಟಕಿಯ ಬೆಳಕಿನಲ್ಲಿ ಕೂತು ಗಡಿಯಾರದ ಭಾಗಗಳನ್ನು ಅರ ಹಾಕಿ ತಿದ್ದುತ್ತಿದ್ದ ಚಿತ್ರ ಎಲ್ಲ ಜಾಹೀರಾತುಗಳಲ್ಲೂ ಬರುತ್ತದೆ. ಅದು ನಿಜವೇ. ಒಂದು ಮನೆಯಲ್ಲಿ ಸ್ಕ್ರೂ, ಇನ್ನೊಂದರಲ್ಲಿ ಚಕ್ರ, ಮತ್ತೊಂದರಲ್ಲಿ ಮುಳ್ಳು. ಎಲ್ಲವನ್ನೂ ಸಂಗ್ರಹಿಸಿ ಜೋಡಿಸಿ ಮಾರುವ ವ್ಯಾಪಾರಿ ಬೇರೆ. ಆದರೆ ಆ ಚಿತ್ರದಲ್ಲಿ ಯಂತ್ರ ಇಲ್ಲ ಎನ್ನುವುದು ಅರ್ಧ ಸತ್ಯ. 1839ರಲ್ಲೇ ಜಿನೀವಾದ ವಶೆರೋನ್ ಕಾನ್‌ಸ್ಟಾಂಟಿನ್ ಸಂಸ್ಥೆ ಜಾರ್ಜ್-ಒಗ್ಯುಸ್ತ್ ಲೆಶೋ ಎಂಬ ಯಂತ್ರಜ್ಞರನ್ನು ನೇಮಿಸಿಕೊಂಡಿತು. ಒಂದೇ ಅಳತೆಯ, ಒಂದರ ಜಾಗಕ್ಕೆ ಇನ್ನೊಂದು ಹೊಂದುವ ಭಾಗಗಳನ್ನು ಮಾಡುವ ಯಂತ್ರಗಳನ್ನು ಅವರು ಕಟ್ಟಿದರು. ಯೂರಾ ಸಾಲಿನ ಜೂ ಕಣಿವೆಯ ಆಂಟ್ವಾನ್ ಲಕೂಲ್ತ್ರ್ 1844ರಲ್ಲಿ ಮೈಕ್ರಾನ್ ಅಳೆಯುವ ಉಪಕರಣ ಮಾಡಿದರು. ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಸಣ್ಣ ಅಳತೆ ಅದು. ಅಂದರೆ ಇಂದು ಕೈಕೆಲಸದ ಹೆಸರಿನಲ್ಲಿ ಅತ್ಯಂತ ದುಬಾರಿಯಾಗಿ ಮಾರಾಟವಾಗುವ ಮನೆತನಗಳೇ ಯಂತ್ರವನ್ನು ಆಗಲೇ ಬರಮಾಡಿಕೊಂಡಿದ್ದವು.

ಬರಮಾಡಿಕೊಂಡರೂ ಬಹುಮಂದಿ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಪೆಟ್ಟು ಬಿದ್ದದ್ದು ಅಮೆರಿಕದಿಂದ. ಮ್ಯಾಸಚೂಸೆಟ್ಸ್‌ನ ವಾಲ್ಥಮ್ ಊರಿನ ಕಾರ್ಖಾನೆ ಗಡಿಯಾರವನ್ನು ಯಂತ್ರಗಳ ಸಾಲಿನಲ್ಲಿ ಮಾಡಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿಟ್ಟಿತು. ತಾನಾಗಿ ಸ್ಕ್ರೂ ಕತ್ತರಿಸಿ ಬೀಳಿಸುವ ಯಂತ್ರವೂ ಅಲ್ಲಿತ್ತು. ನೋಡಿಕೊಂಡು ಬರಲು ಸ್ವಿಸ್ಸರು ಕಳಿಸಿದವರಲ್ಲಿ ಲಾಂಜೀನ್ ಕಾರ್ಖಾನೆಯ ಎಂಜಿನಿಯರ್ ಜಾಕ್ ಡೇವಿಡ್ ಒಬ್ಬರು. ಅವರು 1877ರ ಜನವರಿಯಲ್ಲಿ ಒಪ್ಪಿಸಿದ ವರದಿ ಎಚ್ಚರಿಕೆಯ ಗಂಟೆ: ಬದಲಾಗದಿದ್ದರೆ ನಾವು ಉಳಿಯುವುದಿಲ್ಲ. ಸ್ವಿಸ್ಸರು ಬದಲಾದರು. ಅದಕ್ಕೂ ಮೊದಲೇ, 1868ರಲ್ಲಿ, ಫ್ಲಾರೆಂಟೈನ್ ಅರಿಯೋಸ್ಟೊ ಜೋನ್ಸ್ ಎಂಬ ಅಮೆರಿಕನ್ ಒಬ್ಬರು ತಮ್ಮ ದೇಶದ ಯಂತ್ರವಿಧಾನ ಮತ್ತು ಸ್ವಿಸ್ ಕೈಗಳನ್ನು ಒಂದುಗೂಡಿಸಲು ಶಾಫ್‌ಹೌಸೆನ್‌ಗೆ ಬಂದು ಐಡಬ್ಲ್ಯುಸಿ ಗಡಿಯಾರ ಸಂಸ್ಥೆಯನ್ನು ಸ್ಥಾಪಿಸಿದ್ದರು. ಕೈ ಮತ್ತು ಯಂತ್ರ ಹಗೆಗಳು ಎನ್ನುವವರು ಈ ನೂರೈವತ್ತು ವರ್ಷದ ದಾಂಪತ್ಯವನ್ನು ನೋಡಬೇಕು.

ಈಗ ಇಂದಿನ ಕಾರ್ಖಾನೆಯೊಳಗೆ ಹೋಗೋಣ. ಹೆಸರಾಂತ ಯಾವ ಮನೆತನಕ್ಕೆ ಹೋದರೂ ಮೊದಲು ಸಿಗುವುದು ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರಗಳ ಸಾಲು. ಹಿತ್ತಾಳೆಯ ಪಟ್ಟಿಯಿಂದ ತಳಹಲಗೆ, ಸೇತುವೆಯಂಥ ಮೇಲಿನ ತುಣುಕುಗಳು ಅಲ್ಲಿ ಹುಟ್ಟುತ್ತವೆ. ಉಕ್ಕಿನ ಭಾಗಗಳನ್ನು ವಿದ್ಯುತ್ ಕಿಡಿಯಿಂದ ಕೊರೆಯುವ ತಂತಿ ಕತ್ತರಿಸುತ್ತದೆ. ಇದಿಷ್ಟೂ ಆದಮೇಲೆ ಭಾಗಗಳು ಕಿಟಕಿಯ ಪಕ್ಕದ ಮೇಜುಗಳಿಗೆ ಬರುತ್ತವೆ. ಅಲ್ಲಿ ಕಣ್ಣಿಗೆ ಲೂಪ್ ಎಂಬ ಭೂತಗನ್ನಡಿ ಸಿಕ್ಕಿಸಿಕೊಂಡ ಹೆಂಗಸರು, ಗಂಡಸರು ಅಂಚು ತಿದ್ದುತ್ತಿರುತ್ತಾರೆ.

ಅಂಚು ತಿದ್ದುವುದರಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ಇಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಅಂಚಿನಲ್ಲಿದೆ. ಪ್ರತಿ ಭಾಗದ ಮೇಲ್ಮೈ ಮತ್ತು ಬದಿ ಕೂಡುವ ಕಡೆ ನಲವತ್ತೈದು ಡಿಗ್ರಿ ಓರೆಯಾಗಿ ಒಂದು ಸಣ್ಣ ಪಟ್ಟಿಯನ್ನು ಸವರಿ ಕನ್ನಡಿಯಂತೆ ಹೊಳೆಯಿಸುತ್ತಾರೆ. ಹೊರಕ್ಕೆ ಚಾಚಿದ ಮೂಲೆಯಾದರೆ ಯಂತ್ರವೂ ಇದನ್ನು ಮಾಡೀತು. ಒಳಕ್ಕೆ ಮಡಿಚಿದ ಮೂಲೆಯಲ್ಲಿ ಯಂತ್ರ ಸೋಲುತ್ತದೆ. ಕಾರಣ ಸರಳ: ಮಿಲ್ಲಿಂಗ್ ಯಂತ್ರದ ಕಟರ್ ಗುಂಡಗೆ ಸುತ್ತುತ್ತದೆ. ಎಷ್ಟೇ ಸಪೂರವಾಗಿದ್ದರೂ ಒಳಮೂಲೆಯಲ್ಲಿ ತನ್ನ ಗುಂಡು ಗುರುತನ್ನು ಬಿಟ್ಟೇ ಹೋಗುತ್ತದೆ. ಎರಡು ಓರೆಪಟ್ಟಿಗಳು ಒಂದು ಗೆರೆಯಲ್ಲಿ, ಚಾಕುವಿನ ಮೊನೆಯಂತೆ ಚೂಪಾಗಿ ಕೂಡಬೇಕಾದರೆ ಮನುಷ್ಯನೇ ಅರ ಹಿಡಿದು ಆ ಮೂಲೆಯವರೆಗೆ ಹೋಗಿ ನಿಲ್ಲಬೇಕು. ಒಂದು ಎಳೆ ಹೆಚ್ಚಾದರೆ ಎದುರಿನ ಪಟ್ಟಿ ಗೀಚಿಹೋಗುತ್ತದೆ, ಭಾಗ ಗುಜರಿಗೆ.

ಜೂ ಕಣಿವೆಯ ಲ ಸೋಲಿಯಾ ಎಂಬ ಹಳ್ಳಿಯಲ್ಲಿ ಫಿಲಿಪ್ ಡ್ಯುಫೂರ್ ಎಂಬ ಕುಶಲಕರ್ಮಿ ಇದ್ದಾರೆ. 1948ರಲ್ಲಿ ಹುಟ್ಟಿದವರು. 2000ದಲ್ಲಿ ಅವರು ಹೊರತಂದ ಕೈಗಡಿಯಾರದ ಹೆಸರು 'ಸಿಂಪ್ಲಿಸಿಟಿ', ಅಂದರೆ ಸರಳತೆ. ಗಂಟೆ, ನಿಮಿಷ, ಸೆಕೆಂಡು, ಅಷ್ಟೇ. ಮಾಡಿದ್ದು ಸುಮಾರು ಇನ್ನೂರು. ಅದರ ಒಳಮೂಲೆಗಳನ್ನು ನೋಡಲು ಲೋಕದ ಗಡಿಯಾರಪ್ರೇಮಿಗಳು ಲೂಪ್ ಹಿಡಿದು ಬಗ್ಗುತ್ತಾರೆ. ಓರೆಪಟ್ಟಿಗೆ ಕೊನೆಯ ಮೆರುಗು ಕೊಡಲು ಡ್ಯುಫೂರ್ ಬಳಸುವುದು ಬೆಟ್ಟದಲ್ಲಿ ಬೆಳೆಯುವ ಜೆನ್ಶಿಯನ್ ಗಿಡದ ಒಣಗಿದ ಕಾಂಡ. ಅದರ ಮೆತ್ತನೆಯ ತಿರುಳು ವಜ್ರದ ಪುಡಿಯ ಲೇಪವನ್ನು ಹಿಡಿದುಕೊಳ್ಳುತ್ತದೆ. ಮೈಕ್ರಾನ್ ಅಳೆಯುವ ವಿದ್ಯೆಯ ತುದಿಯಲ್ಲಿ ಒಂದು ಕಾಡುಗಿಡದ ಕಡ್ಡಿ! ಜಪಾನಿನ ಶಿಯೋಜಿರಿಯಲ್ಲಿ ಸೈಕೊ ಬಳಗದ ಮೈಕ್ರೋ ಆರ್ಟಿಸ್ಟ್ ಸ್ಟುಡಿಯೋದವರು ಈ ಮೆರುಗಿನ ವಿದ್ಯೆಗಾಗಿ ಡ್ಯುಫೂರ್ ಅವರ ಸಲಹೆ ಪಡೆದರು. ಅವರೂ ಕೊಡಲು ಹಿಂಜರಿಯಲಿಲ್ಲ.

ಇನ್ನೊಂದು ಮೆರುಗಿದೆ, ಕಪ್ಪು ಮೆರುಗು ಎನ್ನುತ್ತಾರೆ. ಉಕ್ಕಿನ ತುಣುಕನ್ನು ತವರದ ಹಲಗೆಯ ಮೇಲೆ ನುಣುಪಾದ ಲೇಪ ಹಚ್ಚಿ ಬೆರಳಿನ ಒತ್ತಡದಲ್ಲೇ ಉಜ್ಜುತ್ತ ಹೋಗುತ್ತಾರೆ. ಮೈ ಎಷ್ಟು ಸಮತಟ್ಟಾಗುತ್ತದೆಂದರೆ ಒಂದು ಕೋನದಿಂದ ಬೆಳ್ಳಗೆ ಹೊಳೆಯುತ್ತದೆ, ಸ್ವಲ್ಪ ಓರೆ ಮಾಡಿದರೆ ಕಾಡಿಗೆಯಷ್ಟು ಕಪ್ಪು. ಮಧ್ಯೆ ಒಂದು ಧೂಳಿನ ಕಣ ಸಿಕ್ಕಿದರೆ ಗೀರು ಬಿದ್ದು ಮೊದಲಿನಿಂದ ಶುರು.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದವನಾಗಿ ಇಲ್ಲಿ ಒಂದು ಮಾತು. ಮೊದಲ ವರ್ಷದ ಫಿಟ್ಟಿಂಗ್ ಶಾಪಿನಲ್ಲಿ ಹುಡುಗರಿಗೆ ಒಂದು ಕಬ್ಬಿಣದ ಚೂರು ಕೊಡುತ್ತೇವೆ. ಅರ ಹಾಕಿ ಚೌಕ ಮಾಡು, 'ವಿ' ಕಚ್ಚು ತೆಗೆದು ಜೋಡಿ ತುಣುಕು ಕೂರಿಸು. ಮಾಡಿದ್ದನ್ನು ಎತ್ತಿ ಬೆಳಕಿಗೆ ಹಿಡಿಯುತ್ತೇವೆ. ಸಂದಿನಲ್ಲಿ ಬೆಳಕು ನುಸುಳಿದರೆ ಮತ್ತೆ ಅರ. ಇದನ್ನು ಯಂತ್ರ ಎರಡು ನಿಮಿಷದಲ್ಲಿ ಮಾಡುತ್ತದಲ್ಲ ಸಾರ್, ನಾವೇಕೆ ಮಾಡಬೇಕು ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಿದ್ದರು. ಲೋಹ ಎಲ್ಲಿ ಮಣಿಯುತ್ತದೆ, ಎಲ್ಲಿ ಹಟ ಹಿಡಿಯುತ್ತದೆ ಎನ್ನುವುದು ಅಂಗೈಗೆ ಗೊತ್ತಾಗದವನು ಯಂತ್ರಕ್ಕೂ ಸರಿಯಾದ ಅಪ್ಪಣೆ ಕೊಡಲಾರ ಎನ್ನುತ್ತಿದ್ದೆ. ಈಗಲೂ ಅದನ್ನೇ ನಂಬುತ್ತೇನೆ.

ಹಾಗೆಂದು 'ಕೈಯಿಂದ ಮಾಡಿದ್ದು' ಎಂಬ ಮಾತನ್ನು ಕಣ್ಣುಮುಚ್ಚಿ ನಂಬಬಾರದು. 'ಸ್ವಿಸ್ ಮೇಡ್' ಎಂಬ ಮುದ್ರೆ ಬೇಕಾದರೆ 2017ರಿಂದ ತಯಾರಿಕೆಯ ವೆಚ್ಚದ ಶೇಕಡ 60ರಷ್ಟಾದರೂ ಸ್ವಿಟ್ಜರ್ಲೆಂಡಿನಲ್ಲಿ ಆಗಿರಬೇಕು. ಕೈ ಎಷ್ಟು, ಯಂತ್ರ ಎಷ್ಟು ಎಂದು ಅದು ಕೇಳುವುದಿಲ್ಲ. ಗಿಯೋಶೆ ಎಂಬ ಡಯಲ್ ಕೆತ್ತನೆಯನ್ನು ನೋಡಿ. ಅಲೆ ಅಲೆಯಾದ ಆ ಗೆರೆಗಳನ್ನು ಮೂಡಿಸುವುದು ರೋಸ್ ಎಂಜಿನ್ ಎಂಬ ಹಳೆಯ ಕಾಲದ ಯಂತ್ರ. ಒಂದು ಕೈ ಹಿಡಿಕೆ ತಿರುಗಿಸುತ್ತದೆ, ಇನ್ನೊಂದು ಕೈ ಉಳಿಯ ಒತ್ತಡವನ್ನು ಕಾಯುತ್ತದೆ. ಇದು ಕೈಕೆಲಸವೋ ಯಂತ್ರದ ಕೆಲಸವೋ? ಜಪಾನಿನ ಗ್ರಾಂಡ್ ಸೈಕೊ ಗಡಿಯಾರಗಳ ಕವಚಕ್ಕೆ ಹೆಸರು ತಂದ 'ಜರಾತ್ಸು' ಮೆರುಗಿನ ಕತೆ ಇನ್ನೂ ಸ್ವಾರಸ್ಯದ್ದು. ಸುತ್ತುವ ತಟ್ಟೆಗೆ ಕವಚವನ್ನು ಬರಿಗೈಯಲ್ಲಿ ಹಿಡಿದು ಕನ್ನಡಿ ಮೈ ತೆಗೆಯುವ ವಿದ್ಯೆ ಅದು. ಹೆಸರು ಮಾತ್ರ ಜಪಾನಿ ಸಂಪ್ರದಾಯದ್ದಲ್ಲ. ಯೂರೋಪಿನಿಂದ ಬಂದ ಹಳೆಯ ಪಾಲಿಶ್ ಯಂತ್ರದ ಮೇಲೆ 'ಸಲ್ಲಾಜ್' ಎಂಬ ತಯಾರಕರ ಹೆಸರಿತ್ತು. ಜಪಾನಿ ನಾಲಿಗೆಯಲ್ಲಿ ಅದು ಜರಾತ್ಸು ಆಯಿತು. ಕೈಯ ಕೌಶಲಕ್ಕೆ ಯಂತ್ರದ ಹೆಸರೇ ನಿಂತುಬಿಟ್ಟಿದೆ.

ಪೂರ್ತಿ ಕೈಯಿಂದಲೇ ಮಾಡಿದರೆ ಏನಾಗುತ್ತದೆ ಎಂದು ಪರೀಕ್ಷಿಸಿದವರೂ ಇದ್ದಾರೆ. ಲ ಶೋ-ದ-ಫೋಂ ಊರಿನ ಗ್ರೋಬೆಲ್ ಫೋರ್ಸಿ ಸಂಸ್ಥೆಯವರು 2019ರಲ್ಲಿ 'ಹ್ಯಾಂಡ್ ಮೇಡ್ 1' ಎಂಬ ಗಡಿಯಾರ ತಂದರು. ಗಾಜು, ಕಲ್ಲುಗಳು, ಮುಖ್ಯ ಸ್ಪ್ರಿಂಗು ಇಂಥ ಕೆಲವನ್ನು ಬಿಟ್ಟು ಶೇಕಡ 95ರಷ್ಟು ಭಾಗಗಳು ಕೈಯಿಂದ ನಡೆಯುವ ಸಲಕರಣೆಗಳಲ್ಲಿ ಆದವು. ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಕೂಡ. ಒಂದು ಗಡಿಯಾರಕ್ಕೆ ಹಿಡಿದದ್ದು 6,000 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ, ರಜೆ ಕಳೆದು ಲೆಕ್ಕ ಹಾಕಿದರೆ ಒಬ್ಬನ ಮೂರು ವರ್ಷದ ದುಡಿಮೆ. ಜರ್ಮನಿಯ ಗ್ಲಾಸ್‌ಹ್ಯೂಟೆಯಲ್ಲಿ ಲಾಂಗೆ ಮನೆತನದವರು ಪ್ರತಿ ಗಡಿಯಾರವನ್ನೂ ಎರಡು ಸಲ ಜೋಡಿಸುತ್ತಾರೆ. ಒಮ್ಮೆ ಜೋಡಿಸಿ, ನಡೆಸಿ, ಪೂರ್ತಿ ಬಿಚ್ಚಿ, ತೊಳೆದು, ಮೆರುಗು ಕೊಟ್ಟು ಮತ್ತೊಮ್ಮೆ. ಗಡಿಯಾರದ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಮೇಲಿನ ಪುಟ್ಟ ತುಣುಕಿನಲ್ಲಿ ಹೂಬಳ್ಳಿ ಕೊರೆಯುವ ಕೆತ್ತನೆಗಾರರು ವರ್ಷಗಳ ನಂತರ ಅದು ಕಣ್ಣಿಗೆ ಬಿದ್ದರೂ ಇದು ನನ್ನ ಕೈ ಎಂದು ಗುರುತಿಸಬಲ್ಲರು. ಡೇನಿಯಲ್ಸ್ ಅಳಿಸಲು ಹೇಳಿದ ಕೈಯ ಗುರುತನ್ನು ಇವರು ಬೇಕೆಂದೇ ಉಳಿಸಿಕೊಂಡಿದ್ದಾರೆ. ಆದರೆ ಉಳಿಸಿಕೊಂಡದ್ದು ಅಲಂಕಾರದಲ್ಲಿ, ನಡೆಯುವ ಚಕ್ರದಲ್ಲಲ್ಲ. ಈ ವ್ಯತ್ಯಾಸ ನೆನಪಿರಲಿ.

ಇನ್ನು ಯಂತ್ರದ ಪಕ್ಷ. 1969ರ ಡಿಸೆಂಬರ್ 25ರಂದು ಸೈಕೊ ಟೋಕಿಯೊದಲ್ಲಿ ಅಸ್ಟ್ರಾನ್ ಎಂಬ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಕೀಲಿ ಕೊಡುವ ಯಾವ ಗಡಿಯಾರವೂ ಕರಾರುವಾಕ್ಕುತನದಲ್ಲಿ ಅದರ ಹತ್ತಿರ ಬರಲಿಲ್ಲ. 1970ರಲ್ಲಿ ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದಲ್ಲಿ ಸುಮಾರು 90,000 ಮಂದಿ ಇದ್ದರು. ಎಂಬತ್ತರ ದಶಕದ ನಡುವಿಗೆ ಉಳಿದದ್ದು ಸುಮಾರು 30,000. ಆ ಸಂಖ್ಯೆಗಳ ಹಿಂದೆ ಬಾಗಿಲು ಮುಚ್ಚಿದ ಊರುಗಳಿವೆ. ಉದ್ಯಮ ಮತ್ತೆ ಎದ್ದದ್ದು 1983ರಲ್ಲಿ ಬಂದ ಸ್ವಾಚ್‌ನಿಂದ: ಪ್ಲಾಸ್ಟಿಕ್ ಕವಚ, 51 ಭಾಗ, ಯಂತ್ರದ ಸಾಲಿನಲ್ಲಿ ಜೋಡಣೆ. ಇಂದಿನ ದುಬಾರಿ ಗಡಿಯಾರಗಳ ಲೋಕ ಆ ಅಗ್ಗದ ಪ್ಲಾಸ್ಟಿಕ್ ಗಡಿಯಾರಕ್ಕೆ ಋಣಿ.

2013ರಲ್ಲಿ ಅದೇ ಸಂಸ್ಥೆ 'ಸಿಸ್ಟಮ್51' ತಂದಿತು. ಇದು ಬ್ಯಾಟರಿಯದ್ದಲ್ಲ, ಕೈಯ ಆಟದಿಂದ ತಾನಾಗಿ ಕೀಲಿ ತುಂಬಿಕೊಳ್ಳುವ ಯಾಂತ್ರಿಕ ಗಡಿಯಾರ. ಮತ್ತೆ 51 ಭಾಗ, ನಡುವೆ ಒಂದೇ ಒಂದು ಸ್ಕ್ರೂ. ಜೋಡಣೆ ಪೂರ್ತಿ ಯಂತ್ರದ್ದು. ವೇಗ ಸರಿಪಡಿಸುವುದೂ ಲೇಸರ್. ಎಂಜಿನಿಯರನಾಗಿ ನಾನು ಇದಕ್ಕೆ ತಲೆಬಾಗುತ್ತೇನೆ. ನೂರಾರು ವರ್ಷ ಬೆಳೆದ ಒಂದು ರಚನೆಯನ್ನು ಐವತ್ತೊಂದು ತುಣುಕಿಗೆ ಇಳಿಸುವುದು ಸಣ್ಣ ಬುದ್ಧಿವಂತಿಕೆಯಲ್ಲ. ಆದರೆ ಅದರ ಕವಚವನ್ನು ಮುಚ್ಚಿದ ಮೇಲೆ ತೆರೆಯುವಂತಿಲ್ಲ. ಕೆಟ್ಟರೆ ಬಿಚ್ಚಿ ನೋಡುವವರಿಲ್ಲ. ಇಡೀ ಗಡಿಯಾರವೇ ಹೋಯಿತು.

ದುಬಾರಿ ಕಡೆಯಲ್ಲೂ ಇದೇ ಗಾಳಿ ಬೀಸುತ್ತಿದೆ. 2001ರಲ್ಲಿ ಉಲಿಸ್ ನಾರ್ಡಿನ್ ಸಂಸ್ಥೆಯ 'ಫ್ರೀಕ್' ಗಡಿಯಾರದಲ್ಲಿ ಸಿಲಿಕಾನ್ ಚಕ್ರಗಳು ಬಂದವು. 2006ರಲ್ಲಿ ಪಾಟೆಕ್ ಫಿಲಿಪ್ ಸಿಲಿಕಾನಿನ ಹೇರ್‌ಸ್ಪ್ರಿಂಗ್ ಪರಿಚಯಿಸಿತು. ಕಂಪ್ಯೂಟರ್ ಚಿಪ್ಪಿನ ಹಾಗೆ ಕೆತ್ತಿ ತೆಗೆಯುವ ವಸ್ತು. ಆಯಸ್ಕಾಂತಕ್ಕೆ ಜಗ್ಗದು, ಹಗುರ, ಒಂದರಂತೆ ಇನ್ನೊಂದು. ಒಳ್ಳೆಯದೇ. ಆದರೆ ಲೋಹದ ಹೇರ್‌ಸ್ಪ್ರಿಂಗ್ ಸೊಟ್ಟಗಾದರೆ ಬಲ್ಲ ಕೈಯೊಂದು ಚಿಮಟದಿಂದ ಸುರುಳಿಯನ್ನು ಮತ್ತೆ ಸರಿಮಾಡೀತು. ಸಿಲಿಕಾನ್ ಹಾಗೆ ಬಾಗದು, ಮೀರಿದರೆ ಮುರಿಯುತ್ತದೆ. ಆಮೇಲೆ ಹೊಸದು ಬೇಕು, ಅದನ್ನು ಮಾಡಬಲ್ಲ ಕಾರ್ಖಾನೆ ಆಗಲೂ ಇರಬೇಕು. ನೂರು ವರ್ಷದ ನಂತರ?

ನನ್ನ ತೀರ್ಮಾನವನ್ನು ಇಲ್ಲಿ ಹೇಳಿಬಿಡುತ್ತೇನೆ. ಕೈ ಮಾಡಿತೋ ಯಂತ್ರ ಮಾಡಿತೋ ಎಂದು ಕೇಳುವುದರಿಂದ ನಮಗೆ ಹೆಚ್ಚೇನೂ ತಿಳಿಯುವುದಿಲ್ಲ. ಕೆಟ್ಟಾಗ ಇನ್ನೊಬ್ಬರ ಕೈ ಇದರೊಳಗೆ ಹೋಗಬಲ್ಲುದೇ ಎಂದು ಕೇಳಬೇಕು. ಹೊಳೆಯುವ ಒಳಮೂಲೆಗಾಗಿ ನಾನು ಕೈಕೆಲಸವನ್ನು ಗೌರವಿಸುವುದಿಲ್ಲ ಎಂದಲ್ಲ; ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಮೂಲೆ ತಿದ್ದಬಲ್ಲ ಕೈ, ಅಪರಿಚಿತನೊಬ್ಬ ಇನ್ನೂರು ವರ್ಷದ ಹಿಂದೆ ಮಾಡಿದ ಗಡಿಯಾರದ ಮುರಿದ ಭಾಗವನ್ನು ನೋಡಿ ಅಂಥದ್ದೇ ಮಾಡಿ ಕೂರಿಸಬಲ್ಲುದು. ಡೇನಿಯಲ್ಸ್ ಹದಗೊಂಡದ್ದೂ ಹಾಗೆಯೇ: ಬ್ರೆಗೆ ಎಂಬ ಹಳೆಯ ಕುಶಲಕರ್ಮಿಯ ಗಡಿಯಾರಗಳನ್ನು ಬಿಚ್ಚಿ ಸರಿಪಡಿಸುತ್ತ, ಸತ್ತವನ ಯೋಚನೆಯನ್ನು ಲೋಹದಲ್ಲಿ ಓದುತ್ತ.

ಈ ಮಾತಿಗೆ ಸಾಕ್ಷಿ ನಮ್ಮ ಊರಲ್ಲೇ ಇದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಶುರುವಾಯಿತು; ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ಅವು ಐಷಾರಾಮಿ ಗಡಿಯಾರಗಳಲ್ಲ, ಯಂತ್ರದಲ್ಲಿ ಲಕ್ಷಗಟ್ಟಲೆ ಹುಟ್ಟಿದವು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋಯಿತು, ಗಡಿಯಾರ ಉಳಿಯಿತು. ನನ್ನ ಕೈಯಲ್ಲಿರುವ ಅದೇ ಕಾರ್ಖಾನೆಯ 'ಜನತಾ' ಗಡಿಯಾರ ಎರಡು ವರ್ಷದ ಹಿಂದೆ ಕೆಳಗೆ ಬಿದ್ದು ನಿಂತಿತು. ಬಸ್ ನಿಲ್ದಾಣದ ಬದಿಯ ಗೂಡಂಗಡಿಯವರು ಬಿಚ್ಚಿ, ಲೂಪ್ ಹಾಕಿ ನೋಡಿ, "ಸಾರ್, ಬ್ಯಾಲೆನ್ಸ್ ಸ್ಟಾಫ್ ಮುರಿದಿದೆ. ಅಂಗಡೀಲಿ ಸಿಗಲ್ಲ. ನಾನೇ ಲೇತಲ್ಲಿ ಕಡೆದು ಹಾಕ್ತೀನಿ, ಎರಡು ದಿನ ಬಿಡಿ" ಎಂದರು. ಬ್ಯಾಲೆನ್ಸ್ ಚಕ್ರದ ಆ ಕಡ್ಡಿಯ ತುದಿ ಕೂದಲಿನಷ್ಟು ಸಪೂರ. ಎರಡು ದಿನದ ಮೇಲೆ ಗಡಿಯಾರ ನಡೆಯುತ್ತಿತ್ತು. ಈಗಲೂ ನಡೆಯುತ್ತಿದೆ. ಆ ಅಂಗಡಿಯವರಿಗೆ ಎಪ್ಪತ್ತು ದಾಟಿದೆ. ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಕಲಿಯಲು ಬಂದವರು ಯಾರೂ ಇಲ್ಲ.

ಸ್ವಿಟ್ಜರ್ಲೆಂಡಿನಲ್ಲೂ ಇದೇ ಅಂಜಿಕೆ ಹುಟ್ಟಿತು. ಎಲ್ಲ ಹಣ ಇದ್ದೂ ಕೈಯ ವಿದ್ಯೆ ಕಣ್ಣೆದುರೇ ಕರಗುತ್ತಿದೆ ಎಂದು ರೋಬೆರ್ ಗ್ರೋಬೆಲ್, ಸ್ಟೀಫನ್ ಫೋರ್ಸಿ, ಡ್ಯುಫೂರ್ ಸೇರಿ 'ಒಂದು ಗಡಿಯಾರದ ಹುಟ್ಟು' ಎಂಬ ಯೋಜನೆ ಹಾಕಿದರು. ಅವರು ಆರಿಸಿಕೊಂಡದ್ದು ಮಿಶೆಲ್ ಬೂಲಾಂಜೆ ಎಂಬ ಪ್ಯಾರಿಸ್ಸಿನ ಗಡಿಯಾರ ಶಾಲೆಯ ಮೇಷ್ಟರನ್ನು. ಪ್ರಸಿದ್ಧ ಕುಶಲಕರ್ಮಿಗಳನ್ನು ಬಿಟ್ಟು ಮೇಷ್ಟರೇ ಯಾಕೆ? ಕಲಿತದ್ದು ಅವರಲ್ಲೇ ನಿಲ್ಲದೆ ತರಗತಿಗೆ ಹರಿಯಲಿ ಎಂದು. ಹಳೆಯ, ಕೈಯಿಂದ ನಡೆಸುವ ಸಲಕರಣೆಗಳಲ್ಲಿ ಬೂಲಾಂಜೆ ವರ್ಷಗಳ ಕಾಲ ದುಡಿದು ಗಡಿಯಾರ ಮಾಡಿದರು, ಹಂತಹಂತವಾಗಿ ಬರೆದಿಟ್ಟರು. ಮೊದಲ ಪ್ರತಿ 2016ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ಮೀರಿದ ಬೆಲೆಗೆ ಹೋಯಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಯಾಂತ್ರಿಕ ಗಡಿಯಾರದ ಕುಶಲಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮಗೆ ಹರಾಜೂ ಬೇಡ, ಪಟ್ಟಿಯೂ ಬೇಡ. ಎಚ್‌ಎಂಟಿಯಲ್ಲಿ ದುಡಿದವರು ಬೆಂಗಳೂರು, ತುಮಕೂರಿನಲ್ಲಿ ಇನ್ನೂ ಇದ್ದಾರೆ. ಲೇತಿನಲ್ಲಿ ಬ್ಯಾಲೆನ್ಸ್ ಸ್ಟಾಫ್ ಕಡೆಯಬಲ್ಲ ರಿಪೇರಿಯವರೂ ಕೆಲವರು ಉಳಿದಿದ್ದಾರೆ. ಅವರ ಪಕ್ಕ ಸ್ಟೂಲು ಹಾಕಿಕೊಂಡು ಎರಡು ವರ್ಷ ಕೂತು ಕಲಿಯುವ ಒಬ್ಬ ಹುಡುಗನೋ ಹುಡುಗಿಯೋ ಸಿಕ್ಕರೆ ಸಾಕು. ಅಷ್ಟು ದಿನ ಅವರ ಊಟ, ಬಾಡಿಗೆ, ಬಸ್ಸಿನ ಖರ್ಚು ಯಾರಾದರೂ ನೋಡಿಕೊಳ್ಳಬೇಕು. ಈ ಉಪನ್ಯಾಸಕ್ಕೆ ದತ್ತಿಯನ್ನಿಟ್ಟ ಮನೆತನದ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಮುಂದಿನ ವರ್ಷ ಉಪನ್ಯಾಸಕ್ಕೆಂದು ತೆಗೆದಿಡುವ ಹಣವನ್ನು ಇಂಥ ಒಬ್ಬ ಶಿಷ್ಯನಿಗೆ ಕೊಡಿ. ಇಂದು ನನಗೆ ಕೊಟ್ಟ ಗೌರವಧನವನ್ನು ಅದಕ್ಕೆ ಮೊದಲ ಕಂತಾಗಿ ಇಲ್ಲೇ ಬಿಟ್ಟು ಹೋಗುತ್ತಿದ್ದೇನೆ.